ಬೆಂಗಳೂರಿನಲ್ಲಿ ಪಾಠ ಕಲಿತು ಜಿನೀವಾಕ್ಕೆ ಹೋದ ಡಾ. ಮಾಹ್ಲರ್

ಕ್ಷಯರೋಗಿಗಳು ಆಸ್ಪತ್ರೆಗೆ ಏಕೆ ಬರುವುದಿಲ್ಲ? 1960ರ ಸುಮಾರಿನಲ್ಲಿ ಈ ಪ್ರಶ್ನೆಗೆ ಬಹಳಷ್ಟು ವೈದ್ಯರ ಬಳಿ ಸಿದ್ಧ ಉತ್ತರವೊಂದಿತ್ತು. ಹಳ್ಳಿಯವರಿಗೆ ತಿಳಿವಳಿಕೆ ಸಾಲದು; ಕೆಮ್ಮನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; ರೋಗ ಗೊತ್ತಾದರೂ ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ; ನಾಟಿ ಮದ್ದು, ಹರಕೆ, ಅಂತ್ರ ಎಂದು ಕಾಲ ಕಳೆಯುತ್ತಾರೆ. ಹಾಗಾಗಿ ಎಕ್ಸ್-ರೇ ಯಂತ್ರವನ್ನು ವ್ಯಾನಿನಲ್ಲಿ ಹೇರಿಕೊಂಡು ಊರೂರು ಸುತ್ತಿ ರೋಗಿಗಳನ್ನು ಹುಡುಕಿ ಹಿಡಿಯಬೇಕು. ಇದು ಅಂದಿನ ನಂಬಿಕೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಾ. ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಡಾ. ಸ್ಟಿಗ್ ಆಂಡರ್ಸನ್ ಈ ನಂಬಿಕೆಯನ್ನು ಪರೀಕ್ಷಿಸಿ ನೋಡಲು ಹೊರಟರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗ ಎಷ್ಟು ಜನರಿಗಿದೆ ಎಂದು ಎಣಿಸುವ ಕೆಲಸ ನಡೆದಿತ್ತು. ರೋಗದ ಗುರುತು ಕಂಡವರ ಮನೆಗೆ ಹೋಗಿ ಇವರು ಬೇರೆಯೇ ಪ್ರಶ್ನೆಗಳನ್ನು ಕೇಳಿದರು. ನಿಮಗೆ ಏನಾದರೂ ತೊಂದರೆ ಇದೆಯೇ? ಇದ್ದರೆ ಅದರ ಬಗ್ಗೆ ಚಿಂತೆಯಾಗಿದೆಯೇ? ಏನು ಮಾಡಿದಿರಿ, ಎಲ್ಲಿಗೆ ಹೋದಿರಿ?

1963ರಲ್ಲಿ ಪ್ರಕಟವಾದ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸುವಂತಿತ್ತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಮುಕ್ಕಾಲು ಪಾಲಿನಷ್ಟು ಜನ ಅದಕ್ಕಾಗಿ ಚಿಂತಿತರಾಗಿದ್ದರು. ಅರ್ಧದಷ್ಟು ಜನ ಅಷ್ಟರಲ್ಲಾಗಲೇ ಆಧುನಿಕ ವೈದ್ಯಪದ್ಧತಿಯ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಏನು? ಒಂದು ಸೀಸೆ ಕೆಮ್ಮಿನ ಔಷಧ. ಮನೆಯಿಂದಲೇ ಖಾಲಿ ಸೀಸೆ ಒಯ್ದು, ಕಾಂಪೌಂಡರ್ ಬೆರೆಸಿಕೊಟ್ಟ ಕೆಂಪು ನೀರನ್ನು ತುಂಬಿಸಿಕೊಂಡು ಬರುತ್ತಿದ್ದ ದಿನಗಳು ಹಿರಿಯ ಓದುಗರಿಗೆ ನೆನಪಿರಬಹುದು. ಯಾರೂ ಅವರ ಕಫವನ್ನು ಪರೀಕ್ಷಿಸಿರಲಿಲ್ಲ.

ಅಂದರೆ ತಪ್ಪು ರೋಗಿಯದಾಗಿರಲಿಲ್ಲ. ಆತ ಹತ್ತಾರು ಮೈಲಿ ನಡೆದು ಬಾಗಿಲಿಗೆ ಬಂದಿದ್ದ. ಒಳಗಿದ್ದವರು ಗುರುತಿಸಲಿಲ್ಲ.

ಈ ಅಧ್ಯಯನ ನಡೆದ ಸಂಸ್ಥೆಯನ್ನು ಕಟ್ಟುವುದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ದುಡಿದವರಲ್ಲಿ ಡೆನ್ಮಾರ್ಕಿನ ಇನ್ನೊಬ್ಬ ತರುಣ ವೈದ್ಯರಿದ್ದರು. ಅವರ ಹೆಸರು ಡಾ. ಹಾಲ್ಫ್‌ಡನ್ ಮಾಹ್ಲರ್. ಮುಂದೆ ಅದೇ ವಿಶ್ವ ಆರೋಗ್ಯ ಸಂಸ್ಥೆಗೆ 1973ರಿಂದ 1988ರವರೆಗೆ, ಹದಿನೈದು ವರ್ಷ ಕಾಲ, ಮಹಾನಿರ್ದೇಶಕರಾದವರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಗಳ ಮೇಲೆ ನೀಲಿ ಬಣ್ಣದಲ್ಲಿ ಬರೆದಿರುತ್ತಿದ್ದ ‘2000 ಇಸವಿಯೊಳಗೆ ಎಲ್ಲರಿಗೂ ಆರೋಗ್ಯ’ ಎಂಬ ಘೋಷಣೆಯನ್ನು ಓದಿದವರೆಷ್ಟೋ. ಅದರ ಹಿಂದಿದ್ದ ಮನುಷ್ಯ ಭಾರತದಲ್ಲಿ ಸುಮಾರು ಹತ್ತು ವರ್ಷ ಇದ್ದರು ಎಂಬುದು ತಿಳಿದವರು ಕಡಿಮೆ.

ಮೊದಲ ಹೃದಯ ಕಸಿ ಮಾಡಿದ ವೈದ್ಯ ಯಾರು ಎಂದರೆ ಶಾಲಾ ಮಕ್ಕಳೂ ಹೇಳಿಯಾರು. ರೋಗ ಬಾರದಂತೆ ತಡೆಯುವ ವೈದ್ಯನಿಗೆ ಆ ಭಾಗ್ಯವಿಲ್ಲ. ಅವನಿಗೆ ಕೈಮುಗಿದು ಕೃತಜ್ಞತೆ ಹೇಳುವ ರೋಗಿಯೇ ಇರುವುದಿಲ್ಲವಲ್ಲ!

ಪಾದ್ರಿಯ ಮಗ, ಲಸಿಕೆಯ ವೈದ್ಯ

ಮಾಹ್ಲರ್ ಹುಟ್ಟಿದ್ದು 1923ರ ಏಪ್ರಿಲ್ 21ರಂದು, ಡೆನ್ಮಾರ್ಕಿನ ವಿವಿಲ್ಡ್ ಎಂಬ ಚಿಕ್ಕ ಊರಿನಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಂಥದ ಧರ್ಮಬೋಧಕರು. 1948ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಮಗ ಸ್ವಂತ ಊರಿನಲ್ಲಿ ದವಾಖಾನೆ ತೆರೆಯಲಿಲ್ಲ. ದಕ್ಷಿಣ ಅಮೆರಿಕದ ಈಕ್ವಡಾರ್‌ನಲ್ಲಿ ನಡೆಯುತ್ತಿದ್ದ ಕ್ಷಯ ವಿರೋಧಿ ಆಂದೋಲನಕ್ಕೆ ಹೋದರು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿ ಭಾರತಕ್ಕೆ ಬಂದರು.

ಆಗ ಕ್ಷಯವೆಂದರೆ ಮನೆಮಂದಿಯೆಲ್ಲ ನಡುಗುತ್ತಿದ್ದ ಕಾಲ. ಬಡವ ಬಲ್ಲಿದ ಎಂಬ ಭೇದ ಅದಕ್ಕಿರಲಿಲ್ಲ. ಮೈಸೂರಿನ ಅರಮನೆಯನ್ನೇ ಅದು ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯ ಬಲಿ ತೆಗೆದುಕೊಂಡ ನೆನಪಿಗೇ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಎದ್ದುನಿಂತದ್ದು. ಶುದ್ಧ ಗಾಳಿ, ಪೂರ್ಣ ವಿಶ್ರಾಂತಿ, ಹಾಲು, ಮೊಟ್ಟೆ — ಔಷಧಿಯಿಲ್ಲದ ಕಾಲದ ಚಿಕಿತ್ಸೆ ಇಷ್ಟೇ. 1940ರ ದಶಕದ ಕೊನೆಯಲ್ಲಿ ಸ್ಟ್ರೆಪ್ಟೋಮೈಸಿನ್ ಸೂಜಿಮದ್ದು, 1952ರಲ್ಲಿ ಐಸೋನಿಯಾಜಿಡ್ ಮಾತ್ರೆ ಬಂದು ಮೊದಲ ಬಾರಿಗೆ ಈ ರೋಗವನ್ನು ಗುಣಪಡಿಸುವ ಆಸೆ ಚಿಗುರಿತು. ಆದರೆ ದೇಶದಲ್ಲಿದ್ದ ಸ್ಯಾನಿಟೋರಿಯಂ ಹಾಸಿಗೆಗಳೆಷ್ಟು, ರೋಗಿಗಳೆಷ್ಟು! ಹಾಸಿಗೆ ಸಿಗುವ ಹೊತ್ತಿಗೆ ರೋಗಿಯೇ ಇರುತ್ತಿರಲಿಲ್ಲ.

ಹಾಗಾಗಿ ಸರ್ಕಾರ ಮೊದಲು ಬಿ.ಸಿ.ಜಿ. ಲಸಿಕೆಯನ್ನು ನಂಬಿತು. ತಂಡಗಳು ಹಳ್ಳಿಹಳ್ಳಿಗೆ ಹೋಗಿ ಮಕ್ಕಳಿಗೂ ದೊಡ್ಡವರಿಗೂ ಚರ್ಮದ ಪರೀಕ್ಷೆ ಮಾಡಿ, ಸೋಂಕಿಲ್ಲದವರಿಗೆ ಲಸಿಕೆ ಚುಚ್ಚುತ್ತಿದ್ದವು. ಮದರಾಸಿನಲ್ಲಿ ರಾಜಾಜಿಯವರೇ ಇದನ್ನು ಬಹಿರಂಗವಾಗಿ ವಿರೋಧಿಸಿ ದೊಡ್ಡ ವಾದವಾಯಿತು. ರಾಜಾಜಿಯವರ ಎಲ್ಲ ಭಯವೂ ನಿಜವಾಗಲಿಲ್ಲ. ಆದರೆ ಲಸಿಕೆಯ ಬಗ್ಗೆ ಇಟ್ಟಿದ್ದ ಅತಿಯಾದ ಭರವಸೆಯೂ ಉಳಿಯಲಿಲ್ಲ. 1968ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಲಕ್ಷಾಂತರ ಜನರ ಮೇಲೆ ಆರಂಭವಾದ ಪ್ರಯೋಗದ ಫಲಿತಾಂಶ 1979ರಲ್ಲಿ ಹೊರಬಂದಾಗ, ವಯಸ್ಕರ ಶ್ವಾಸಕೋಶದ ಕ್ಷಯವನ್ನು ಬಿ.ಸಿ.ಜಿ. ತಡೆಯಲಿಲ್ಲ ಎಂದು ತಿಳಿಯಿತು. ಎಳೆಯ ಮಕ್ಕಳಿಗೆ ಬರುವ ಮಿದುಳು ಪೊರೆಯ ಕ್ಷಯದಂಥ ಮಾರಕ ರೂಪಗಳಿಂದ ಅದು ರಕ್ಷಣೆ ಕೊಡುತ್ತದೆ. ಹುಟ್ಟಿದ ಕೂಸಿಗೆ ಇಂದಿಗೂ ಎಡತೋಳಿನಲ್ಲಿ ಬಿ.ಸಿ.ಜಿ. ಹಾಕಿಸುವುದು ಆ ಕಾರಣಕ್ಕೆ, ತಪ್ಪಿಸಬಾರದು.

ಲಸಿಕೆಯೊಂದೇ ಸಾಲದು ಎಂದಾದರೆ ರೋಗಿಯನ್ನು ಗುಣಪಡಿಸಿ ಹರಡುವಿಕೆಯನ್ನು ನಿಲ್ಲಿಸಬೇಕು. ಎಲ್ಲಿಟ್ಟು ಗುಣಪಡಿಸುವುದು? ಇದಕ್ಕೆ ಉತ್ತರ ಕೊಟ್ಟದ್ದು ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರ. ಅಲ್ಲಿ ಬ್ರಿಟನ್ನಿನ ಡಾ. ವ್ಯಾಲೇಸ್ ಫಾಕ್ಸ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು 193 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಅವರವರ ಮನೆಯಲ್ಲೇ ಅದೇ ಔಷಧ. ಮನೆಯಲ್ಲಿದ್ದವರು ಬಡವರು, ಇಕ್ಕಟ್ಟಿನ ಗುಡಿಸಲುಗಳಲ್ಲಿ ಇದ್ದವರು; ಊಟ ಕಡಿಮೆ, ದುಡಿಮೆ ಹೆಚ್ಚು. 1959ರಲ್ಲಿ ಹೊರಬಂದ ಫಲಿತಾಂಶದಲ್ಲಿ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಸಮನಾಗಿ ಗುಣವಾಗಿದ್ದವು. ರೋಗಿ ಮನೆಯಲ್ಲಿದ್ದುದರಿಂದ ಮನೆಯವರಿಗೆ ರೋಗ ಹೆಚ್ಚಾಗಿ ಅಂಟಿದ್ದೂ ಕಾಣಲಿಲ್ಲ. ಔಷಧ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಕುಗ್ಗುತ್ತದೆ ಎಂಬುದೇ ಕಾರಣ. ಸ್ಯಾನಿಟೋರಿಯಂಗಳ ಯುಗ ಅಲ್ಲಿಗೆ ಮುಗಿಯಿತು ಎನ್ನಬೇಕು.

ಬಳ್ಳಾರಿ ರಸ್ತೆಯ ಬಂಗಲೆ

ಇವೆಲ್ಲವನ್ನೂ ಒಂದು ಜಿಲ್ಲೆಯ ಮಟ್ಟದಲ್ಲಿ ನಡೆಸಿ ತೋರಿಸುವವರು ಬೇಕಾಗಿದ್ದರು. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ‘ಅವಲಾನ್’ ಎಂಬ ಹಳೆಯ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಆ ದಾರಿಯಲ್ಲಿ ದಿನವೂ ವಿಮಾನ ನಿಲ್ದಾಣಕ್ಕೆ ಹೋಗುವ ಸಾವಿರಾರು ಜನರಿಗೆ, ಕ್ಷಯದ ವಿರುದ್ಧ ಜಗತ್ತಿನ ಎಷ್ಟೋ ದೇಶಗಳು ಅನುಸರಿಸಿದ ಕ್ರಮಗಳ ಮೂಲ ಆ ಕಾಂಪೌಂಡಿನೊಳಗಿದೆ ಎಂದು ತಿಳಿದಿರಲಾರದು.

ಈ ಸಂಸ್ಥೆಯಲ್ಲಿ ವೈದ್ಯರು ಮಾತ್ರ ಇರಲಿಲ್ಲ. ಅಂಕಿಅಂಶದವರು, ಸಮಾಜಶಾಸ್ತ್ರ ಬಲ್ಲವರು, ದಾದಿಯರು, ಎಕ್ಸ್-ರೇ ಎಂಜಿನಿಯರುಗಳು ಒಂದೇ ಮೇಜಿನ ಸುತ್ತ ಕುಳಿತು, ಒಂದು ಜಿಲ್ಲೆಯಲ್ಲಿರುವ ಹಣ, ಜನ, ರಸ್ತೆ, ಆಸ್ಪತ್ರೆಗಳಲ್ಲೇ ಹೆಚ್ಚು ರೋಗಿಗಳನ್ನು ಗುರುತಿಸುವುದು ಹೇಗೆ ಎಂದು ಲೆಕ್ಕ ಹಾಕಿದರು. ಲೆಕ್ಕ ಸರಳವಾಗಿತ್ತು. ವ್ಯಾನಿಗೆ ರಸ್ತೆ ಬೇಕು, ವಿದ್ಯುತ್ ಬೇಕು, ಕೆಟ್ಟರೆ ಬಿಡಿಭಾಗ ವಿದೇಶದಿಂದ ಬರಬೇಕು. ಸೂಕ್ಷ್ಮದರ್ಶಕಕ್ಕೆ ಕಿಟಕಿಯಿಂದ ಬರುವ ಬಿಸಿಲು ಸಾಕು. ಗಾಜಿನ ಪಟ್ಟಿಯ ಮೇಲೆ ಕಫ ಸವರಿ, ಬಣ್ಣ ಹಾಕಿ ನೋಡಿದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ರೋಗಾಣು ಕಾಣುತ್ತದೆ. ತಾನಾಗಿಯೇ ಕೆಮ್ಮುತ್ತ ಬಂದ ರೋಗಿಯ ಕಫವನ್ನು, ಆತ ಬಂದ ಆಸ್ಪತ್ರೆಯಲ್ಲೇ ನೋಡಿ. ಅಲ್ಲೇ ಮಾತ್ರೆ ಕೊಡಿ. ಇದಕ್ಕಾಗಿ ಬೇರೆ ಸಿಬ್ಬಂದಿ, ಬೇರೆ ಕಟ್ಟಡ ಬೇಡ. ಇರುವ ಆಸ್ಪತ್ರೆಯನ್ನೇ ಬಳಸಿ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ತಿರುಳು ಇಷ್ಟೇ.

ಆ ವೇಳೆಗೆ ಮಾಹ್ಲರ್ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಷಯ ವಿಭಾಗದ ಮುಖ್ಯಸ್ಥರಾಗಿದ್ದರು. ಬೆಂಗಳೂರಿನ ಲೆಕ್ಕ ಅಲ್ಲಿಂದ ಬೇರೆ ದೇಶಗಳಿಗೂ ತಲುಪಿತು. 1974ರಲ್ಲಿ ಸಂಸ್ಥೆಯ ತಜ್ಞರ ಸಮಿತಿ, ವ್ಯಾನಿನಲ್ಲಿ ಸುತ್ತಿ ಸಿಕ್ಕವರಿಗೆಲ್ಲ ಎಕ್ಸ್-ರೇ ತೆಗೆಯುವ ಪದ್ಧತಿಯನ್ನು ಕೈಬಿಡಿ ಎಂದೇ ಹೇಳಿತು.

ಎಲ್ಲ ಚೆನ್ನಾಗಿ ನಡೆಯಿತೇ? ಇಲ್ಲ. ಯೋಜನೆ ಎಷ್ಟು ಜಾಣತನದ್ದೋ ಅದನ್ನು ನಡೆಸಿದ ರೀತಿ ಅಷ್ಟೇ ಸಡಿಲ. ಔಷಧ ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇರುತ್ತಿರಲಿಲ್ಲ. ಚಿಕಿತ್ಸೆ ಒಂದು, ಒಂದೂವರೆ ವರ್ಷದ್ದು; ಎರಡು ತಿಂಗಳಲ್ಲಿ ಕೆಮ್ಮು ನಿಂತ ಕೂಡಲೇ ರೋಗಿ ಮಾತ್ರೆ ಬಿಡುತ್ತಿದ್ದ. ಅವನನ್ನು ಹುಡುಕಿ ಹೋಗುವವರಿರಲಿಲ್ಲ. 1992ರಲ್ಲಿ ಪರಾಮರ್ಶೆ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ರೋಗಿಗಳು ಚಿಕಿತ್ಸೆ ಮುಗಿಸುತ್ತಲೇ ಇಲ್ಲ ಎಂದು ಕಂಡುಬಂತು. ಕಣ್ಣೆದುರೇ ಮಾತ್ರೆ ನುಂಗಿಸುವ ‘ಡಾಟ್ಸ್’ ಪದ್ಧತಿ ಅದರ ಮಾರನೆಯ ವರ್ಷ ಪ್ರಾಯೋಗಿಕವಾಗಿ ಶುರುವಾಗಿ, ದೇಶವನ್ನೆಲ್ಲ ವ್ಯಾಪಿಸಲು 2006ರವರೆಗೆ ಸಮಯ ಹಿಡಿಯಿತು.

ದೊಡ್ಡ ಕುರ್ಚಿಯಲ್ಲಿ ಹಳ್ಳಿಯ ಲೆಕ್ಕ

1973ರಲ್ಲಿ ಮಾಹ್ಲರ್ ಮಹಾನಿರ್ದೇಶಕರಾದಾಗ ವಿಶ್ವ ಆರೋಗ್ಯ ಸಂಸ್ಥೆ ಒಂದು ದೊಡ್ಡ ಸೋಲಿನ ನೆರಳಿನಲ್ಲಿತ್ತು. ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾವನ್ನು ಭೂಮಿಯಿಂದಲೇ ಅಳಿಸುತ್ತೇವೆ ಎಂದು ಹೊರಟ ಆಂದೋಲನವನ್ನು 1969ರಲ್ಲಿ ಕೈಬಿಡಬೇಕಾಯಿತು. ಭಾರತದ ಅನುಭವವನ್ನೇ ನೋಡಿ: 1960ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಒಂದು ಲಕ್ಷದಷ್ಟಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷ ದಾಟಿದವು. ಸಿಂಪಡಿಸುವ ತಂಡ ಹಿಂದೆ ಸರಿದ ಮೇಲೆ ಹಳ್ಳಿಯಲ್ಲಿ ಜ್ವರ ಬಂದವನ ರಕ್ತ ನೋಡಲು ಸದಾಕಾಲ ಇರುವ ವ್ಯವಸ್ಥೆ ಸಾಲದಾಗಿತ್ತು. ಸೊಳ್ಳೆಯೂ ಡಿ.ಡಿ.ಟಿ.ಗೆ ಒಗ್ಗಿಕೊಂಡಿತ್ತು.

ಇದಕ್ಕೆ ತದ್ವಿರುದ್ಧವಾಗಿ ಸಿಡುಬು ಸೋತಿತು. ಭಾರತದಲ್ಲಿ ಕೊನೆಯ ಪ್ರಕರಣ 1975ರ ಮೇ ತಿಂಗಳಲ್ಲಿ. ಜಗತ್ತಿನಲ್ಲಿ ಸಹಜವಾಗಿ ಬಂದ ಕೊನೆಯದು 1977ರಲ್ಲಿ ಸೊಮಾಲಿಯಾದಲ್ಲಿ. 1980ರ ಮೇ 8ರಂದು ಸಿಡುಬು ಅಳಿಯಿತೆಂದು ಘೋಷಿಸಿದ ವಿಶ್ವ ಆರೋಗ್ಯ ಸಭೆ ನಡೆದದ್ದು ಮಾಹ್ಲರ್ ಅವಧಿಯಲ್ಲೇ. ಬೇರೆಯವರಾಗಿದ್ದರೆ ಆ ಕೀರ್ತಿಯನ್ನೇ ಬಂಡವಾಳ ಮಾಡಿಕೊಂಡು ಮುಂದಿನ ರೋಗದ ಬೇಟೆಗೆ ಹೊರಡುತ್ತಿದ್ದರೋ ಏನೋ. ಮಾಹ್ಲರ್ ಅವರ ಮನಸ್ಸಿದ್ದದ್ದು ಹಳ್ಳಿಯ ಆಸ್ಪತ್ರೆಯ ಬಾಗಿಲ ಬಳಿ. ಒಂದೊಂದು ರೋಗಕ್ಕೆ ಒಂದೊಂದು ಸೈನ್ಯ ಕಟ್ಟುತ್ತಾ ಹೋದರೆ, ಬಾಣಂತಿಗೆ, ಭೇದಿಯಾದ ಮಗುವಿಗೆ, ಕೆಮ್ಮುವ ಮುದುಕನಿಗೆ ದಿಕ್ಕು ಯಾರು?

ವೈದ್ಯಕೀಯ ತಂತ್ರಜ್ಞಾನದ ಸುತ್ತ ಕಟ್ಟಿದ ಮಾಯೆಯನ್ನು ಕಳಚಬೇಕೆಂದು 1975ರಲ್ಲಿ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ವೈದ್ಯರಿಗೇ ವೈದ್ಯರು ಹೀಗೆ ಹೇಳುವುದು ಸಣ್ಣ ಮಾತಲ್ಲ. ಅದೇ ವರ್ಷ ಅವರ ಸಂಸ್ಥೆ, ಜನರೇ ನಿಂತು ನಡೆಸಿದ ಆರೋಗ್ಯ ಕಾರ್ಯಗಳ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಮಹಾರಾಷ್ಟ್ರದ ಜಾಮಖೇಡ್‌ನ ಆರೋಳೆ ದಂಪತಿಗಳ ಕೆಲಸವೂ ಸೇರಿತ್ತು. ಅಲ್ಲಿ ಅಕ್ಷರ ಬಾರದ ಹಳ್ಳಿಯ ಹೆಂಗಸರೇ ತರಬೇತಿ ಪಡೆದು ಹೆರಿಗೆ, ಮಕ್ಕಳ ಪೋಷಣೆ, ಕುಷ್ಠ, ಕ್ಷಯಗಳನ್ನು ನೋಡಿಕೊಳ್ಳುತ್ತಿದ್ದರು.

ಮುಂದಿನ ಹೆಜ್ಜೆ ಔಷಧಿಗಳದು. ಅಂಗಡಿಯಲ್ಲಿ ಸಾವಿರಾರು ಹೆಸರಿನ ಔಷಧಗಳಿವೆ. ಜನರ ಬಹುಪಾಲು ಕಾಯಿಲೆಗಳಿಗೆ ಬೇಕಾದವು ಎಷ್ಟು? 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಅತ್ಯವಶ್ಯಕ ಔಷಧಗಳ ಪಟ್ಟಿ ಹೊರಡಿಸಿತು. ಅದರಲ್ಲಿದ್ದವು ಸುಮಾರು 200 ಔಷಧಗಳು ಮಾತ್ರ. ಭಾರತದ ಹಾಥಿ ಸಮಿತಿ ಅದಕ್ಕೂ ಎರಡು ವರ್ಷ ಮೊದಲೇ, 1975ರಲ್ಲಿ, ಇಂಥದೇ ಪಟ್ಟಿಯೊಂದನ್ನು ಕೊಟ್ಟಿತ್ತು ಎಂಬುದನ್ನು ನಾವು ಮರೆಯಬಾರದು. ಔಷಧ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಹೇಗೆ ಹಿಡಿಸೀತು? ಆದರೆ ಪಟ್ಟಿ ಉಳಿಯಿತು. ಕಾಲಕಾಲಕ್ಕೆ ಪರಿಷ್ಕಾರವಾಗುತ್ತಾ ಇಂದಿಗೂ ಇದೆ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ಮಾತ್ರೆ ಪುಕ್ಕಟೆ ಸಿಗಬೇಕು, ಯಾವುದರ ಬೆಲೆಗೆ ಮಿತಿ ಹಾಕಬೇಕು ಎಂಬ ನಿರ್ಧಾರಗಳ ಹಿಂದೆ ಇಂಥ ಪಟ್ಟಿಯೇ ಇರುತ್ತದೆ.

1981ರಲ್ಲಿ ಇನ್ನೊಂದು ಜಗಳ. ಡಬ್ಬದ ಹಾಲಿನ ಪುಡಿಯ ಜಾಹೀರಾತಿಗೆ ಮರುಳಾಗಿ ಬಡದೇಶಗಳ ತಾಯಂದಿರು ಎದೆಹಾಲು ಬಿಡಿಸುತ್ತಿದ್ದರು. ಪುಡಿ ದುಬಾರಿಯಾದ್ದರಿಂದ ತೆಳ್ಳಗೆ ಕದಡಿ, ಕೊಳೆ ನೀರಿನಲ್ಲಿ ಬೆರೆಸಿ ಕುಡಿಸಿದರೆ ಮಗುವಿನ ಗತಿ ಏನು? ಅಂಥ ಪ್ರಚಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ನಿಯಮಾವಳಿ ವಿಶ್ವ ಆರೋಗ್ಯ ಸಭೆಯ ಮುಂದೆ ಬಂದಾಗ 118 ದೇಶಗಳು ಪರವಾಗಿ ಮತ ಹಾಕಿದವು. ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ಭಾರತ 1992ರಲ್ಲಿ ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ಶಿಶು ಆಹಾರದ ಡಬ್ಬದ ಮೇಲೆ ಮುದ್ದಾದ ಮಗುವಿನ ಚಿತ್ರ ಕಾಣದಿರುವುದಕ್ಕೂ, ತಾಯಿಹಾಲೇ ಶ್ರೇಷ್ಠ ಎಂದು ಅಚ್ಚಾಗಿರುವುದಕ್ಕೂ ಆ ಕಾನೂನೇ ಕಾರಣ.

ಆಲ್ಮಾ-ಆಟಾದ ಒಂದು ವಾರ

ಇಷ್ಟೆಲ್ಲದರ ನಡುವೆ ಮಾಹ್ಲರ್ ಅವರ ಹೆಸರನ್ನು ಚರಿತ್ರೆಯಲ್ಲಿ ಉಳಿಸಿದ್ದು 1978ರ ಸೆಪ್ಟೆಂಬರ್ 6ರಿಂದ 12ರವರೆಗೆ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ-ಆಟಾ ನಗರದಲ್ಲಿ ನಡೆದ ಸಮ್ಮೇಳನ. 134 ದೇಶಗಳ ಪ್ರತಿನಿಧಿಗಳು ಸೇರಿದ್ದರು. 2000 ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಎಂಬ ಗುರಿಯನ್ನು ಹಿಂದಿನ ವರ್ಷವೇ ವಿಶ್ವ ಆರೋಗ್ಯ ಸಭೆ ಒಪ್ಪಿತ್ತು. ಅದನ್ನು ಮುಟ್ಟುವ ದಾರಿ ಪ್ರಾಥಮಿಕ ಆರೋಗ್ಯ ಸೇವೆ ಎಂದು ಇಲ್ಲಿ ಒಮ್ಮತದಿಂದ ಘೋಷಿಸಿದರು. ಆರೋಗ್ಯ ಶಿಕ್ಷಣ, ಸರಿಯಾದ ಆಹಾರ, ಶುದ್ಧ ನೀರು, ಶೌಚ ವ್ಯವಸ್ಥೆ, ತಾಯಿ ಮಕ್ಕಳ ಆರೈಕೆ, ಲಸಿಕೆ, ಸ್ಥಳೀಯ ರೋಗಗಳ ಹತೋಟಿ, ಸಾಮಾನ್ಯ ಕಾಯಿಲೆಗಳ ಚಿಕಿತ್ಸೆ, ಅತ್ಯವಶ್ಯಕ ಔಷಧ. ಇವು ಜನರಿಗೆ ಹತ್ತಿರದಲ್ಲಿ, ಕೈಗೆಟುಕುವ ಖರ್ಚಿನಲ್ಲಿ, ಅವರನ್ನೂ ಒಳಗೊಂಡು ದೊರೆಯಬೇಕು.

ಗಮನಿಸಿ, ಇದರಲ್ಲಿ ಆಸ್ಪತ್ರೆ ಕಟ್ಟಡದ ಮಾತು ಎಷ್ಟು ಕಡಿಮೆ! ನೀರು, ಊಟ, ಶೌಚಾಲಯ ಯಾವುದೂ ವೈದ್ಯರ ಕೈಯಲ್ಲಿಲ್ಲ.

ಒಪ್ಪಿದ್ದು ಸುಲಭವಾಯಿತು, ನಡೆಸುವುದು ಆಗಲಿಲ್ಲ. ಒಂದು ವರ್ಷ ಕಳೆಯುವುದರೊಳಗೆ ಅಮೆರಿಕದ ಇಬ್ಬರು ತಜ್ಞರು, ಇಷ್ಟೆಲ್ಲ ಒಟ್ಟಿಗೆ ಸಾಧ್ಯವಿಲ್ಲ, ಕಡಿಮೆ ಖರ್ಚಿನಲ್ಲಿ ಹೆಚ್ಚು ಜೀವ ಉಳಿಸುವ ಕೆಲವನ್ನು ಮಾತ್ರ ಆರಿಸಿಕೊಳ್ಳೋಣ ಎಂದು ವಾದಿಸಿದರು. ಮಗುವಿನ ಬೆಳವಣಿಗೆಯ ತೂಕ ನೋಡುವುದು, ಭೇದಿಗೆ ಸಕ್ಕರೆ-ಉಪ್ಪಿನ ದ್ರಾವಣ, ಎದೆಹಾಲು, ಲಸಿಕೆ ಎಂದು ಯುನಿಸೆಫ್ ಆ ದಾರಿ ಹಿಡಿಯಿತು. ಮಾಹ್ಲರ್ ಅವರಿಗೆ ಇದು ಹಳೆಯ ಮಲೇರಿಯಾ ಕಥೆಯೇ ಮತ್ತೆ ಬಂದಂತೆ ಕಂಡಿರಬೇಕು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಆ ಆಯ್ದ ಕ್ರಮಗಳೂ ಎಷ್ಟೋ ಮಕ್ಕಳ ಪ್ರಾಣ ಉಳಿಸಿದವು. ಈ ವಾದದಲ್ಲಿ ಒಬ್ಬರನ್ನು ಪೂರ್ಣ ಸರಿ, ಇನ್ನೊಬ್ಬರನ್ನು ಪೂರ್ಣ ತಪ್ಪು ಎನ್ನಲಾಗದು. ಲಸಿಕೆ ಹಾಕಲು ಬಂದ ದಾದಿ, ಅದೇ ಮನೆಯಲ್ಲಿ ತಿಂಗಳಿಂದ ಕೆಮ್ಮುತ್ತಿರುವ ಅಜ್ಜನನ್ನು ನೋಡದೆ ಹೋಗುವಂತಿದ್ದರೆ ಅದು ಅರ್ಧ ಕೆಲಸ ಎಂಬ ಮಾಹ್ಲರ್ ಪಕ್ಷದ ಮಾತು ಮಾತ್ರ ಇಂದಿಗೂ ನಿಲ್ಲುತ್ತದೆ.

ಅವರು ಎಡವಿದ್ದೂ ಉಂಟು. ಏಡ್ಸ್ ಕಾಣಿಸಿಕೊಂಡ ಮೊದಲ ವರ್ಷಗಳಲ್ಲಿ ಅದನ್ನು ಅವರು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆಫ್ರಿಕಕ್ಕೆ ಮಲೇರಿಯಾದಂಥ ರೋಗಗಳೇ ದೊಡ್ಡ ಹೊರೆ ಎಂದುಕೊಂಡಿದ್ದರು. 1986ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಪತ್ರಕರ್ತರ ಮುಂದೆ, ಇದರ ಗಂಭೀರತೆಯನ್ನು ತಾನು ಕಡಿಮೆ ಅಂದಾಜು ಮಾಡಿದ್ದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡರು. ಮರುವರ್ಷವೇ ಡಾ. ಜೊನಾಥನ್ ಮಾನ್ ಅವರ ನೇತೃತ್ವದಲ್ಲಿ ಏಡ್ಸ್ ಕಾರ್ಯಕ್ರಮ ಭರದಿಂದ ಆರಂಭವಾಯಿತು. ದೊಡ್ಡ ಹುದ್ದೆಯಲ್ಲಿರುವವರು ಹಾಗೆ ಒಪ್ಪಿಕೊಳ್ಳುವುದು ಎಷ್ಟು ಅಪರೂಪ ಎಂಬುದನ್ನು ಪತ್ರಿಕೆ ಓದುವ ಯಾರಿಗೂ ಹೇಳಬೇಕಾಗಿಲ್ಲ.

1988 ಅವರ ಕೊನೆಯ ವರ್ಷ. ಆ ಏಪ್ರಿಲ್ 7ರಂದು ಜಗತ್ತಿನಲ್ಲಿ ಮೊದಲ ಬಾರಿಗೆ ತಂಬಾಕು ರಹಿತ ದಿನ ಆಚರಿಸಲಾಯಿತು (ಮರುವರ್ಷದಿಂದ ಅದು ಮೇ 31ಕ್ಕೆ ಬದಲಾಯಿತು). ಮೇ ತಿಂಗಳಲ್ಲಿ ಪೋಲಿಯೊ ನಿರ್ಮೂಲನದ ನಿರ್ಣಯ ಅಂಗೀಕಾರವಾಯಿತು. ಆಗ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳು ಪೋಲಿಯೊಗೆ ತುತ್ತಾಗುತ್ತಿದ್ದರು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ನಿವೃತ್ತಿಯ ನಂತರ ಮಾಹ್ಲರ್ 1995ರವರೆಗೆ ಅಂತಾರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟವನ್ನು ಮುನ್ನಡೆಸಿದರು. 2016ರ ಡಿಸೆಂಬರ್ 14ರಂದು, 93ನೆಯ ವಯಸ್ಸಿನಲ್ಲಿ, ಜಿನೀವಾದಲ್ಲಿ ತೀರಿಕೊಂಡರು. 2000 ಇಸವಿ ಬಂದು ಹೋಗಿ ಆಗಲೇ ಹದಿನಾರು ವರ್ಷಗಳಾಗಿದ್ದವು. ಎಲ್ಲರಿಗೂ ಆರೋಗ್ಯ ಬಂದಿರಲಿಲ್ಲ.

ಇಂದಿನ ಕೆಮ್ಮು

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಇಂದಿಗೂ ಭಾರತದಲ್ಲಿದ್ದಾರೆ. 2025ರೊಳಗೆ ಕ್ಷಯಮುಕ್ತರಾಗುತ್ತೇವೆಂದು ಹಾಕಿಕೊಂಡ ಗುರಿಯೂ ಕೈಗೂಡಲಿಲ್ಲ. ಆದರೆ ತುಮಕೂರಿನ ರೋಗಿಗೆ ಅಂದು ಇಲ್ಲದ ಅನುಕೂಲಗಳು ಇಂದು ಇವೆ. ಎರಡು ವಾರ ಅಥವಾ ಹೆಚ್ಚು ಕೆಮ್ಮು, ಸಂಜೆಯ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ — ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕೆಮ್ಮಿನ ಸಿರಪ್ ಬರೆದುಕೊಟ್ಟು ಕಳುಹಿಸಿದರೆ, ಕಫ ಪರೀಕ್ಷೆ ಬೇಡವೇ ಡಾಕ್ಟ್ರೇ ಎಂದು ನೀವೇ ಕೇಳಿ. ಸಂಕೋಚ ಬೇಡ. ಸೂಕ್ಷ್ಮದರ್ಶಕದ ಜೊತೆಗೆ ಈಗ ರೋಗಾಣುವಿನ ವಂಶವಾಹಿಯನ್ನೇ ಪತ್ತೆ ಮಾಡುವ ಯಂತ್ರಗಳಿವೆ. ಅವುಗಳಲ್ಲೊಂದಾದ ‘ಟ್ರೂನಾಟ್’ ರೂಪುಗೊಂಡಿದ್ದರಲ್ಲಿ ಬೆಂಗಳೂರಿನ ಪ್ರಯೋಗಾಲಯದ ಪಾಲಿದೆ. ಬ್ಯಾಟರಿಯಿಂದಲೂ ನಡೆಯುವ ಅದನ್ನು ಚಿಕ್ಕ ಆಸ್ಪತ್ರೆಯಲ್ಲೂ ಇಡಬಹುದು. ಮುಖ್ಯ ಔಷಧಕ್ಕೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಈ ಯಂತ್ರಗಳು ತಿಳಿಸುತ್ತವೆ.

ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು, ದಿನವೂ ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧ, ಆಮೇಲೆ ಮೂರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಹಸಿವು ಮರಳಿ, ಮೈ ತುಂಬಿಕೊಂಡು, ಇನ್ನೇಕೆ ಮಾತ್ರೆ ಎನ್ನಿಸುವ ಮೂರನೆಯ ತಿಂಗಳು ಬಹಳ ಅಪಾಯದ್ದು. ಅಲ್ಲಿ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದವಾಗಿ ಮರಳಬಹುದು.

ಮನೆಯಲ್ಲಿ ಒಬ್ಬರಿಗೆ ಕ್ಷಯವಿದೆ ಎಂದಾದರೆ ಉಳಿದವರೆಲ್ಲರೂ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳು, ತಪಾಸಣೆ ಮಾಡಿಸಿಕೊಳ್ಳಬೇಕು. ರೋಗವಿಲ್ಲದವರಿಗೆ ಅದು ಬಾರದಂತೆ ತಡೆಯುವ ಮಾತ್ರೆಗಳನ್ನು ಕೊಡುವ ವ್ಯವಸ್ಥೆ ಇದೆ. ಪಾತ್ರೆ, ಬಟ್ಟೆ ಬೇರೆ ಇಡುವುದರಿಂದ ಏನೂ ಆಗದು. ರೋಗ ಹರಡುವುದು ಗಾಳಿಯಿಂದ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯಲಿ.

ಇನ್ನು ಊಟದ ಮಾತು. ಔಷಧ ಬಂದ ಮೇಲೆ ಹಾಲು, ಮೊಟ್ಟೆಯ ಹಳೆಯ ಪಥ್ಯವನ್ನು ವೈದ್ಯಲೋಕ ಹಿಂದಕ್ಕೆ ತಳ್ಳಿತ್ತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ 2800 ರೋಗಿಗಳ ಕುಟುಂಬಗಳೊಡನೆ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಗಳಿಗೆಲ್ಲ ಆಹಾರದ ಬುಟ್ಟಿ ಸಿಕ್ಕಿತು. ಅರ್ಧ ಕುಟುಂಬಗಳಲ್ಲಿ ರೋಗಿಯ ಜೊತೆಗೆ ಮನೆಯ ಉಳಿದವರಿಗೂ ಅಕ್ಕಿ, ಬೇಳೆ, ಜೀವಸತ್ವಗಳ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಚಿಕಿತ್ಸೆಯಲ್ಲಿರುವ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಅದಕ್ಕಾಗಿ ರೋಗಿಯ ಹೆಸರು ನೋಂದಣಿಯಾಗಿರಬೇಕು. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರೂ ಇದಕ್ಕೆ ಅರ್ಹರು. ನಿಮ್ಮ ಹೆಸರು ನೋಂದಣಿಯಾಗಿದೆಯೇ ಎಂದು ವೈದ್ಯರನ್ನೋ, ಊರಿನ ಆಶಾ ಕಾರ್ಯಕರ್ತೆಯನ್ನೋ ಕೇಳಿ ತಿಳಿದುಕೊಳ್ಳಿ.